ಭೂಮಿಯ ಸೊಂಟದ ಅಳತೆ

ಮನೆಯಿಂದ,
೧೪ನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಯ್ಯಾ,

ಹೇಗಿದ್ದೀಯ? ಕಣ್ಣುರಿ ಕಡಿಮೆಯಾಯಿತೇ? ವೆಲ್ಡಿಂಗ್ ಮಾಡುವಾಗ ಕನ್ನಡಕ ಹಣೆಯ ಮೇಲೇರಿಸಿಕೊಳ್ಳುವ ನಿನ್ನ ಚಾಳಿ ನನಗೆ ಗೊತ್ತು, ಹಾಗೆ ಮಾಡಬೇಡ. ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ಹೊಲಿಗೆ ಯಂತ್ರದ ಜೊತೆ ದಿನವೂ ಜಗಳವಾಡುತ್ತದೆ. ಅಮ್ಮನ ಮಂಚ ಇನ್ನೂ ಕಿಟಕಿಯ ಬಳಿಯೇ ಇದೆ. ಅದರ ಮೇಲೆ ಕತ್ತರಿಸಿದ ಬಟ್ಟೆ ಹರವೋಣ ಎಂದುಕೊಳ್ಳುತ್ತೇನೆ, ಕೈ ಬರುವುದಿಲ್ಲ.

ಅಮ್ಮ ಹೋಗಿ ಆರು ವಾರವಾಯಿತು. ನೀನು ವಾಪಸು ಹೊರಟ ದಿನ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, "ಅಕ್ಕಾ, ಬೆಳಗಿನ ನೇರ ವಿಮಾನ ಹಿಡಿದಿದ್ರೆ ಅಮ್ಮ ಸಿಗ್ತಿದ್ಲು" ಅಂದೆ. ನಾನು ನಿನ್ನ ಚೀಲ ಎತ್ತಿಕೊಟ್ಟೆ. ಆಮೇಲೆ ನಿನ್ನ ಫೋನೇ ಇಲ್ಲ. ನಾನು ಮಾಡಿದರೂ ಎತ್ತುವುದಿಲ್ಲ. ರಜೆ ಚೀಟಿಯ ಸಹಿಗೆ ಕಾದು ಸಂಜೆಯ ವಿಮಾನ ಹತ್ತಿದ್ದನ್ನೇ ನೀನು ಮನಸ್ಸಿನಲ್ಲಿ ಅರೆಯುತ್ತಿದ್ದೀಯ. ಅದಕ್ಕೇ ಆ ದಾರಿಯನ್ನು ನಾನೇ ಅಳೆದು ನೋಡಿದೆ.

ಮೊದಲು ಶಾಲೆಯ ಹಳೆಯ ಭೂಪಟದ ಪುಸ್ತಕ ತೆಗೆದೆ. ನೀನಿರುವ ಊರು ಒಂದು ಪುಟದಲ್ಲಿ, ನಮ್ಮದು ಎದುರು ಪುಟದಲ್ಲಿ. ನಡುವಿನ ಸಮುದ್ರವೆಲ್ಲ ಪುಸ್ತಕದ ಹೊಲಿಗೆಯೊಳಗೆ ಸೇರಿಹೋಗಿತ್ತು. ಎದುರುಮನೆಯ ಮೇಷ್ಟ್ರ ಹತ್ತಿರ ಗ್ಲೋಬು ಇತ್ತಲ್ಲ, ಅಲ್ಲಿಗೆ ಹೋದೆ. ನನಗೆ ಬರುವ ಕೆಲಸ ಒಂದೇ, ಟೇಪು ತೆಗೆದು ಅದರ ಸೊಂಟಕ್ಕೆ ಸುತ್ತಿದೆ. ಎಂಬತ್ತು ಸೆಂಟಿಮೀಟರ್. "ಭೂಮಿಗೂ ಲಂಗ ಹೊಲಿತೀಯೇನಮ್ಮಾ?" ಅಂತ ಮೇಷ್ಟ್ರು ನಕ್ಕರು. ನಕ್ಕವರೇ ಲೆಕ್ಕ ಹೇಳಿಕೊಟ್ಟರು: ಭೂಮಿಯ ಸುತ್ತಳತೆ ನಲವತ್ತು ಸಾವಿರ ಕಿಲೋಮೀಟರ್, ಅಂದರೆ ಟೇಪಿನ ಒಂದು ಸೆಂಟಿಮೀಟರಿಗೆ ಐನೂರು. ಎರಡು ವಿಮಾನ ನಿಲ್ದಾಣಗಳ ನಡುವೆ ದಾರ ಹಿಡಿದೆ. ಬಿಗಿ ಮಾಡಿದಷ್ಟೂ ಅದು ತಾನಾಗಿಯೇ ಮೇಲಕ್ಕೆ ಬಾಗಿತು. ವಿಮಾನವೂ ಹಾಗೆಯೇ ಹೋಗುತ್ತದಂತೆ. ನನಗೆ ಆಶ್ಚರ್ಯವಾಗಲಿಲ್ಲ, ದುಂಡು ಭುಜದ ಮೇಲೆ ಟೇಪು ನೆಟ್ಟಗೆ ಎಲ್ಲಿ ಕೂರುತ್ತದೆ? ದಾರ ಹದಿಮೂರು ಸೆಂಟಿಮೀಟರ್ ಬಂತು, ಆರೂವರೆ ಸಾವಿರ ಕಿಲೋಮೀಟರ್. ಗಂಟೆಗೆ ಎಂಟುನೂರ ಐವತ್ತರಂತೆ ಏಳು ಗಂಟೆ ನಲವತ್ತು ನಿಮಿಷ. ಹೊಲಿಗೆಗೆ ಬಟ್ಟೆ ಬಿಡುವ ಹಾಗೆ, ಏರಲು ಇಳಿಯಲು ಇನ್ನೊಂದು ಅರ್ಧ ಗಂಟೆ ಬಿಡಬೇಕಂತೆ. ಎಂಟು ಗಂಟೆ ಮೀರಿತು.

ಅಮ್ಮನಿಗೆ ಹೆಚ್ಚಾಗಿದೆ ಅಂತ ಆ ದಿನ ನಾನು ಫೋನ್ ಮಾಡಿದ್ದು ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಹತ್ತಕ್ಕೆ. ನೇರ ವಿಮಾನ ಹೊರಟಿದ್ದು ಅದೇ ಗಡಿಯಾರದಲ್ಲಿ ಹನ್ನೊಂದಕ್ಕೆ. ಅಮ್ಮ ಹೋಗಿದ್ದು ಸಂಜೆ ಐದೂವರೆಗೆ. ಓಡಿಹೋಗಿ ಹತ್ತಿದ್ದರೂ ಆ ಹೊತ್ತಿಗೆ ನೀನು ಇನ್ನೂ ಸಮುದ್ರದ ಮೇಲೆಯೇ ಇರುತ್ತಿದ್ದೆ. ಎರಡು ಸಲ ಅಳೆದಿದ್ದೇನೆ. ನಿನ್ನ ತಪ್ಪು ಒಂದು ನೂಲಿನಷ್ಟೂ ಇಲ್ಲ. ಆ ದಾರವನ್ನು ಇದರೊಳಗೆ ಇಟ್ಟಿದ್ದೇನೆ, ನೀನೂ ಅಳೆದು ನೋಡು.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೋಣೆಯ ಜೊತೆಗಾರನನ್ನು ಕೇಳಿದೆನೆಂದು ಹೇಳು. ನೂರು ಕಾಲ ತಣ್ಣಗಿರು.

ನಿನ್ನ
ಅಕ್ಕ

ಇನ್ನೊಂದು ಮಾತು: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ನಾನು ಫೋನ್ ಮಾಡಿದ್ದರ ಹಿಂದಿನ ದಿನ ಮಧ್ಯಾಹ್ನವೇ ಅಮ್ಮ, "ತಮ್ಮಯ್ಯಂಗೆ ಫೋನ್ ಮಾಡೇ, ಬಂದು ಹೋಗಲಿ" ಅಂದಿದ್ದಳು. ನಾನು ಶಾಲೆ ಅಂಗಿಗೆ ತೋಳು ಕೂರಿಸುತ್ತಿದ್ದೆ. "ಇದೊಂದು ತೋಳು ಮುಗಿಸ್ತೀನಮ್ಮಾ" ಅಂದೆ. "ಆಗಲಿ, ಮುಗಿಸು" ಅಂದು ಗೋಡೆ ಕಡೆ ಹೊರಳಿದಳು. ಮುಗಿಸುವಷ್ಟರಲ್ಲಿ ನಿದ್ದೆ ಹೋಗಿದ್ದಳು. ನಾಳೆ ಮಾಡಿದರಾಯಿತು ಅಂದುಕೊಂಡೆ. ಆಗಲೇ ಮಾಡಿದ್ದರೆ, ಆ ಸಂಜೆಯ ವಿಮಾನ ಹತ್ತಿದ್ದರೂ ನಿನಗೆ ಅಮ್ಮ ಸಿಗುತ್ತಿದ್ದಳು. ಅದನ್ನೂ ಅಳೆದೆ. ಬೈಯುವುದಾದರೆ ನನ್ನನ್ನು ಬೈಯಿ. ಫೋನ್ ಮಾಡಿ ಬೈಯಿ.