ಮನೆಗೆ ಹೋದವರ ರಿಪೋರ್ಟು

ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಪುಟ್ಟಿಯ ನಮಸ್ಕಾರ. ಉತ್ತರ ತಡವಾಯಿತು, ಬೈದುಕೊಳ್ಳುತ್ತಿರುತ್ತೀಯ. ಬೈದುಕೋ, ಆದರೆ ಪೂರ್ತಿ ಓದಿದ ಮೇಲೆ. ಆಸ್ಪತ್ರೆಯಲ್ಲಿ ಎಲ್ಲರ ಹತ್ತಿರ ಯಾಕೆ ಜಗಳ ಆಡುತ್ತೀಯ, ಲ್ಯಾಬ್ ನೋಡಿಕೊಂಡು ಸುಮ್ಮನಿರಬಾರದೇ ಎಂದು ಬರೆದಿದ್ದೆಯಲ್ಲ? ಅಕ್ಕ, ಆ ಜಗಳ ಗೆದ್ದೆ.

ಜಗಳ ಇಷ್ಟೇ. ರಕ್ತಪರೀಕ್ಷೆ ಮುಗಿದೊಡನೆ ನಾವು ರಿಪೋರ್ಟನ್ನು ಕಂಪ್ಯೂಟರಿಗೆ ಹಾಕುತ್ತೇವೆ. ಇನ್ನು ವಾರ್ಡಿನವರು ನೋಡಿಕೊಳ್ಳುತ್ತಾರೆ ಎಂದು ನಮ್ಮ ನೆಮ್ಮದಿ. ಗಂಭೀರವಾಗಿದ್ದರೆ ಲ್ಯಾಬಿನವರೇ ಫೋನ್ ಮಾಡುತ್ತಾರೆ ಎಂದು ಅವರ ನೆಮ್ಮದಿ. ಇಬ್ಬರು ಕಾಯುವ ಹಾಲು ಒಲೆಯ ಪಾಲು. ಯಾವ ರಿಪೋರ್ಟನ್ನು ಯಾರೂ ತೆರೆದಿಲ್ಲವೆಂದು ತೋರಿಸುವ ವ್ಯವಸ್ಥೆ ಮಾಡಿಸಿ ಎಂದು ದೊಡ್ಡ ಡಾಕ್ಟರ ಹಿಂದೆ ಬಿದ್ದೆ. ಕಣ್ಣೆದುರಿಗೆ ಇರುವುದನ್ನು ಯಾರಾದರೂ ನೋಡದೆ ಬಿಡುತ್ತಾರೆಯೇ ಎಂದು ಅವರು ನಕ್ಕರು. ನಾನು ಬಿಟ್ಟೇನೆ? ಕೊನೆಗೆ ನನ್ನ ಕಾಟ ತಪ್ಪಿದರೆ ಸಾಕೆಂದು ಒಪ್ಪಿದರು.

ಕಂಪ್ಯೂಟರಿನವನು ಸಭೆಯಲ್ಲಿ ಪರದೆ ತೆರೆದ. ಯಾರೂ ನೋಡದ ರಿಪೋರ್ಟು ಕೆಂಪು ಬಣ್ಣ. ಮೇಲಿಂದ ಕೆಳಗೆ ಕೆಂಪೋ ಕೆಂಪು. ಹೆಚ್ಚಿನವು ಮನೆಗೆ ಹೋದ ರೋಗಿಗಳವು. ರೋಗಿಯನ್ನು ಕಳುಹಿಸಿದೊಡನೆ ಅವನ ಹೆಸರು ವಾರ್ಡಿನ ಪರದೆಯಿಂದ ಅಳಿಸಿಹೋಗುತ್ತದೆ. ಆಮೇಲೆ ಬರುವ ರಿಪೋರ್ಟು, ಬೀಗ ಹಾಕಿದ ಮನೆಯ ಮುಂದೆ ನಿಂತ ನೆಂಟ. ದೊಡ್ಡ ಡಾಕ್ಟರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ನಗಲಿಲ್ಲ.

ಈಗ ಕೆಂಪು ಉಳಿದಿರುವ ತನಕ ಯಾವ ವಾರ್ಡಿನಲ್ಲೂ ಪಾಳಿ ಬದಲಾಗುವಂತಿಲ್ಲ. ಹಿರಿಯ ನರ್ಸಮ್ಮ ನನಗೆ 'ಕೆಂಪಮ್ಮ' ಎಂದು ಹೆಸರಿಟ್ಟು ಗೊಣಗಿದ್ದೇ ಗೊಣಗಿದ್ದು. ಸೋಮವಾರ ಅವರ ಕಣ್ಣಿಗೇ ಒಂದು ಬಿತ್ತು. ಬೆಳಿಗ್ಗೆ ಮನೆಗೆ ಹೋದ ದರ್ಜಿಯ ರಕ್ತದಲ್ಲಿ ಪೊಟ್ಯಾಸಿಯಂ ವಿಪರೀತ, ಹೃದಯವನ್ನೇ ನಿಲ್ಲಿಸುವಷ್ಟು. ಫೋನ್ ಮಾಡಿದರೆ ಪುಣ್ಯಾತ್ಮ ಆಗಲೇ ಹೊಲಿಗೆ ಯಂತ್ರದ ಮುಂದೆ ಕೂತಿದ್ದಾನೆ.

"ನಾನು ಚೆನ್ನಾಗೇ ಇದ್ದೀನಿ ಸಿಸ್ಟರ್. ಒಂದು ತೋಳು ಹೊಲಿಯೋದಿದೆ, ಅಷ್ಟೆ."

"ನಿನ್ನ ಗಿರಾಕಿ ತೋಳಿಲ್ಲದ ಅಂಗೀನೇ ಹಾಕ್ಕೊಳ್ಳಲಿ ಬಿಡಪ್ಪ. ನೀನು ಈಗಲೇ ಹೊರಡು."

ಬಂದ, ಬದುಕಿದ. ನಿನ್ನೆ ಹೆಂಡತಿಯ ಜೊತೆ ನಡೆದುಕೊಂಡೇ ಮನೆಗೆ ಹೋದ. ಆಮೇಲೆ ನರ್ಸಮ್ಮ ಲ್ಯಾಬಿನ ಬಾಗಿಲಿಗೆ ಬಂದು, "ಏಳು, ಕೆಂಪಮ್ಮ, ಬಂದು ನೋಡು," ಎಂದು ಕೈ ಹಿಡಿದು ಎಳೆದುಕೊಂಡು ಹೋದರು. ಇಡೀ ಆಸ್ಪತ್ರೆಯ ಪರದೆಯಲ್ಲಿ ಒಂದೂ ಕೆಂಪಿಲ್ಲ. ಖಾಲಿ ಜಾಗ ಅಷ್ಟು ಚೆಂದ ಕಾಣುತ್ತದೆಂದು ನನಗೆ ಗೊತ್ತಿರಲಿಲ್ಲ.

ಮಕ್ಕಳ ತಲೆ ಸವರಿ, ಚಿಕ್ಕಮ್ಮ ಹರಸಿದ್ದಾಳೆ ಎಂದು ಹೇಳು. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ಮಲಗು.

ನಿನ್ನ
ಪುಟ್ಟಿ

ತಾ.ಕ.: ಸಭೆ ಮುಗಿದ ಮೇಲೆ ಭಾವನ ಹೆಸರು ಹಾಕಿ ಹುಡುಕಿದೆ. "ಮನೆಗೆ ಹೋಗೋಣ ಅಂತ ಹಟ ಮಾಡಿದ್ರು, ನಾನೇ ಡಾಕ್ಟರನ್ನ ಬೇಡಿ ಕರ್ಕೊಂಡು ಬಂದೆ, ನಾನೇ ಕೊಂದೆ" ಎಂದು ಈಗಲೂ ಅಳುತ್ತೀಯಲ್ಲ. ಅಲ್ಲ ಅಕ್ಕ. ನೀವು ಹೊರಟ ಮಧ್ಯಾಹ್ನವೇ ಅವರ ರಿಪೋರ್ಟು ಬಂದಿತ್ತು, ಅಪಾಯವೆಂದು ಅದರಲ್ಲಿ ಸ್ಪಷ್ಟವಾಗಿತ್ತು. ಯಾರೂ ತೆರೆದಿರಲಿಲ್ಲ. ದೊಡ್ಡ ಡಾಕ್ಟರು ಭಾನುವಾರ ನನ್ನ ಜೊತೆ ಬಂದು ತಾವೇ ನಿನಗೆ ಹೇಳುತ್ತಾರೆ. ನೀನು ಕರೆದುಕೊಂಡು ಹೋದದ್ದು ತಪ್ಪಲ್ಲ. ನಾವು ವಾಪಸು ಕರೆಯಲಿಲ್ಲ.