ವೇಲ್ಸ್ ಕಾಣುವ ಗುಡ್ಡ

ಕ್ಲಿಫರ್ಡ್,

ನೀನು ಏಳುವ ಮುಂಚೆಯೇ ಗುಡ್ಡಕ್ಕೆ ಹೊರಟಿದ್ದೇನೆ. ನಿನ್ನ ಊರುಗೋಲು ನನ್ನ ಹತ್ತಿರ ಇದೆ. ಡಾಕ್ಟರು "ಇನ್ಮೇಲೆ ಗುಡ್ಡ ಹತ್ತೋ ಮಾತೇ ಬೇಡ" ಅಂದಮೇಲೆ ಅದು ಸುಮ್ಮನೆ ಮೂಲೆಯಲ್ಲಿತ್ತು.

ನಲವತ್ತು ವರ್ಷ ಪ್ರತಿ ಭಾನುವಾರ ನೀನು ಗುಡ್ಡ ಇಳಿದು ಬಂದು, "ಮ್ಯಾವಿಸ್, ಇವತ್ತು ವೇಲ್ಸ್‌ವರೆಗೂ ಕಾಣ್ತಿತ್ತು ಕಣೇ" ಅನ್ನುತ್ತಿದ್ದೆ. ನಾನು ಆಲೂಗಡ್ಡೆ ಸುಲಿಯುತ್ತಾ ಹೂಂಗುಟ್ಟುತ್ತಿದ್ದೆ. ಹೋದ ಭಾನುವಾರ ನೀನು ಏನೂ ಹೇಳಲಿಲ್ಲ. ನನಗೆ ಊಟ ಸೇರಲಿಲ್ಲ.

ಮಾತ್ರೆ ತಟ್ಟೆಯ ಪಕ್ಕದಲ್ಲಿದೆ, ನುಂಗು. ಕುರಿಮಾಂಸ ಓವನ್ನಿನಲ್ಲಿದೆ, ತೆರೆದು ತೆರೆದು ನೋಡಬೇಡ. ನನ್ನ ಹಿಂದೆ ಬರಲೂಬೇಡ.

ಹನ್ನೊಂದಕ್ಕೆ ಮಹಡಿಯ ಕಿಟಕಿಯಲ್ಲಿ ನಿಂತಿರು. ತುದಿಯಲ್ಲಿ ಕೆಂಪು ಕೊಡೆ ಬಿಚ್ಚುತ್ತೇನೆ. ಕಂಡರೆ ಕೈ ಬೀಸು. ಅಷ್ಟು ದೂರದಿಂದ ನನಗೆ ಕಾಣುವುದಿಲ್ಲ. ಆದರೂ ಬೀಸು.

ಮ್ಯಾವಿಸ್