ಎಡಗೈ ಹಾಕಿದ ಗಂಟು

ಅತ್ತೆ, ನಿಮ್ಮ ಸೊಸೆ ಮಾಡುವ ನಮಸ್ಕಾರ.

ನಿಮ್ಮ ಮಗ ಹೋದರೆಂದು ಸ್ಕೌಟ್ ಮಕ್ಕಳ ಶಿಬಿರ ತಪ್ಪಬಾರದಲ್ಲ, ಅವರ ಜಾಗದಲ್ಲಿ ನಾನೇ ಕರೆದುಕೊಂಡು ಬಂದೆ. ಎಲ್ಲರೂ ಸುಖವಾಗಿ ತಲುಪಿದೆವು. ಇಲ್ಲಿ ಡೇರೆಯಲ್ಲಿ ವಾಸ.

ಇಂದು ಗಂಟು ಹಾಕುವ ಬ್ಯಾಡ್ಜಿನ ಪರೀಕ್ಷೆ ನಡೆಯಿತು. ನಮ್ಮ ಮಕ್ಕಳೆಲ್ಲ ಹಗ್ಗವನ್ನು ಎಡಗೈಗೆ ತೆಗೆದುಕೊಂಡು ಉಲ್ಟಾ ಸುತ್ತತೊಡಗಿದರು. ಪರೀಕ್ಷಕರು ದಂಗಾದರು.

“ಏನ್ರಪ್ಪಾ ಇದು, ಇಡೀ ದಂಡೇ ಎಡಚರಾ?”

“ಇಲ್ಲ ಸಾರ್, ನಮ್ಮ ಮೇಷ್ಟ್ರು ಎಡಚರು,” ಎಂದಳು ಮುಂದೆ ನಿಂತಿದ್ದ ಹುಡುಗಿ. “ಅವರ ಕೈ ನೋಡ್ಕೊಂಡೇ ಕಲಿತಿದ್ದು.”

ನೀವು ಎಷ್ಟು ಗದರಿದರೂ ಅವರು ಬಿಡದ ಆ ಎಡಗೈ, ಅತ್ತೆ. ಹಗ್ಗದ ತುದಿಯನ್ನು ಹಲ್ಲಲ್ಲಿ ಕಚ್ಚಿ ಎಳೆಯುವುದನ್ನೂ ಕಲಿಸಿಬಿಟ್ಟಿದ್ದಾರೆ. ಅಷ್ಟೂ ಮಕ್ಕಳ ಕೈಯಲ್ಲಿ ಅವರನ್ನೇ ನೋಡುತ್ತ ನಿಂತೆ. ಬ್ಯಾಡ್ಜು ಕೊಡದಿದ್ದರೆ ಅವರು ಕಲಿಸಿದ್ದೇ ತಪ್ಪೆಂದಾಗುತ್ತದಲ್ಲ ಎಂದು ಜೀವ ಹಿಡಿಯಷ್ಟಾಗಿತ್ತು.

ಪರೀಕ್ಷಕರು ದಪ್ಪ ಆಳು. ಮರಕ್ಕೆ ಕಟ್ಟಿದ ಒಂದೊಂದು ಹಗ್ಗಕ್ಕೂ ಜೋತುಬಿದ್ದು ನೋಡಿದರು. ಒಂದು ಗಂಟೂ ಸಡಿಲವಾಗಲಿಲ್ಲ. ಎಲ್ಲರಿಗೂ ಬ್ಯಾಡ್ಜು ಸಿಕ್ಕಿತು.

“ಎಲ್ಲಮ್ಮಾ ನಿಮ್ಮ ಮೇಷ್ಟ್ರು? ಒಂದ್ಸಲ ಮಾತಾಡಿಸ್ಬೇಕಿತ್ತು,” ಎಂದು ಆ ಹುಡುಗಿಯನ್ನು ಕೇಳಿದರು.

ಮಕ್ಕಳು ನನ್ನ ಮುಖ ನೋಡಿದರು. ಇಷ್ಟು ದಿನ ಯಾರು ಕೇಳಿದರೂ ನೀವೇ ಹೇಳುತ್ತಿದ್ದಿರಿ. ಇವತ್ತು ನಾನೇ ಹೇಳಿದೆ, ತೀರಿಕೊಂಡರು ಅಂತ.

ನಿಮ್ಮ ಬಿ.ಪಿ. ಮಾತ್ರೆ ಫ್ರಿಜ್ಜಿನ ಮೇಲಿದೆ, ತಪ್ಪಿಸಬೇಡಿ. ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿಮ್ಮ ಸೊಸೆ